ದೀಪ ಹಚ್ಚಿದ ಮೇಲಿನ ಕಸ

ಮುನಿಲಕ್ಷ್ಮಮ್ಮನ ಮೊಳ ಉದ್ದ. ಜಯನಗರ ನಾಲ್ಕನೇ ಬ್ಲಾಕಿನ ಸುತ್ತ ಹೂ ಕೊಳ್ಳುವ ಹೆಂಗಸರಿಗೆಲ್ಲ ಇದು ಗೊತ್ತಿರುವ ಮಾತು. ಆಳು ಎತ್ತರ, ತೋಳು ಅದಕ್ಕೆ ತಕ್ಕ ಹಾಗೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮಲ್ಲಿಗೆಯನ್ನು ಎಳೆದು ಅಳೆದಳೆಂದರೆ ಬೇರೆಯವರ ಮೊಳಕ್ಕಿಂತ ಒಂದು ಹಿಡಿ ಮೊಗ್ಗು ಹೆಚ್ಚೇ ಬರುತ್ತದೆ. ಪಕ್ಕದ ಬೀದಿಯ ಹೂವಿನವರು "ನಮ್ಮ ಹೊಟ್ಟೆ ಮೇಲೆ ಹೊಡೀತಿದೀಯ" ಎಂದು ಜಗಳಕ್ಕೆ ಬಂದರೆ, "ದೇವರು ಕೊಟ್ಟ ತೋಳು ಕಣಪ್ಪ, ಕುಯ್ದು ಗಿಡ್ಡ ಮಾಡ್ಕೊಳ್ಳೋಕಾಗುತ್ತಾ?" ಎಂದು ಬಾಯಿ ಮುಚ್ಚಿಸುತ್ತಾಳೆ.

ಊರು ತಲಘಟ್ಟಪುರ. ಹರೆಯದಲ್ಲಿ ಬೆಳಗಿನ ಬಸ್ಸಿನಲ್ಲಿ ಹಾಲಿನ ಕ್ಯಾನುಗಳ ನಡುವೆ ಬುಟ್ಟಿ ತೂರಿಸಿಕೊಂಡು ಬರುತ್ತಿದ್ದವಳು ಈಗ ಮೆಟ್ರೋದಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ರಾಣಿಯ ಹಾಗೆ ಕೂತು ಬರುತ್ತಾಳೆ. ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗರು ಮಲ್ಲಿಗೆಯ ವಾಸನೆಗೆ ತಲೆ ಎತ್ತಿ ನೋಡಿದರೆ, "ಮೂಸು ಮಗಾ, ಮೂಸೋದಕ್ಕೆ ಟಿಕೆಟ್ ಇಲ್ಲ" ಎನ್ನುತ್ತಾಳೆ.

ಆಕೆಯ ಜಾಗ ಮಾರುಕಟ್ಟೆ ಕಾಂಪ್ಲೆಕ್ಸಿನ ಹಿಂದಿನ ಅಡ್ಡರಸ್ತೆಯ ಹೊಂಗೆಮರದ ಬುಡ. ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ಅಲ್ಲಿ ಕೂತವಳು, ಅತ್ತೆ ಹೋದ ಮೇಲೆ ಒಬ್ಬಳೇ ಕೂತಳು. ಮರಕ್ಕೆ ಮೊಳೆ ಹೊಡೆದು ಲಕ್ಷ್ಮಿಯ ಪಟ ತೂಗುಹಾಕಿದ್ದಾಳೆ. ಹೊತ್ತು ಮುಳುಗಿದಾಗ ಆ ಪಟದ ಮುಂದೆ ಹಣತೆ ಹಚ್ಚುತ್ತಾಳೆ. ಅದನ್ನು ನೋಡಿಕೊಂಡೇ ಎದುರಿನ ಪಾತ್ರೆ ಅಂಗಡಿಯ ಸಿದ್ದರಾಜು ತನ್ನ ಗಲ್ಲಾಪೆಟ್ಟಿಗೆಯ ಹತ್ತಿರ ದೀಪ ಹಚ್ಚುತ್ತಾನೆ; ಅವನನ್ನು ನೋಡಿ ಬಳೆ ಅಂಗಡಿಯವರು, ಅವರನ್ನು ನೋಡಿ ಬಟ್ಟೆಯವರು. ಬೀದಿಗೆ ಸಂಜೆ ಆಗುವುದು ಸೂರ್ಯನಿಂದಲ್ಲ, ಮುನಿಲಕ್ಷ್ಮಮ್ಮನ ಬೆಂಕಿಪೊಟ್ಟಣದಿಂದ.

ಆ ಬೀದಿಯನ್ನು ಬೆಳಗ್ಗೆ ನೋಡಬೇಕು. ತಲೆ ಬಾಚಿ ಕುಂಕುಮವಿಟ್ಟ ಮುತ್ತೈದೆಯ ಹಾಗಿರುತ್ತದೆ. ಪ್ರತಿ ಅಂಗಡಿಯ ಮುಂದೂ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದೇ ಬೋಣಿಗೆ ಕಾಯುತ್ತಾರೆ. ಸಂಜೆ ನೋಡಿದರೆ ಅದೇ ಬೀದಿ ಊಟ ಮುಗಿದ ಮದುವೆ ಛತ್ರ. ಟೀ ಕುಡಿದ ಪೇಪರ್ ಕಪ್ಪು, ಮುಸುಕಿನ ಜೋಳದ ದಿಂಡು, ಚುರುಮುರಿ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ. ಗಿರಾಕಿಗಳು ಹೆಚ್ಚು ಬರುವುದು ಆ ಹೊತ್ತಿಗೇ. ಆದರೆ ದೀಪ ಹಚ್ಚಿದ ಮೇಲೆ ಪೊರಕೆ ಹಿಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳಲ್ಲ! ಹಾಗಾಗಿ ಯಾರೂ ಗುಡಿಸುವವರಲ್ಲ. ಪಕ್ಕದವನ ಅಂಗಡಿಯ ಮುಂದಕ್ಕೆ ಕಾಲಲ್ಲಿ ತಳ್ಳಿ ಆಕಾಶ ನೋಡುವವರೇ. ಹೀಗೆ ತಳ್ಳಿಸಿಕೊಂಡ ಕಸವೆಲ್ಲ ಕೊನೆಗೆ ಸೇರುತ್ತಿದ್ದದ್ದು ಟ್ರಾನ್ಸ್‌ಫಾರ್ಮರ್ ಇರುವ ತಿರುವಿಗೆ. ಕಸ ಬಿದ್ದಲ್ಲಿ ಗಂಡಸರು ಗೋಡೆಗೆ ಮುಖ ಮಾಡಿ ನಿಲ್ಲುವುದು ಶುರುವಾಯಿತು. ಗಂಡಸರು ನಿಂತಲ್ಲಿ ಹೆಂಗಸರು ಓಡಾಡುವುದು ಬಿಟ್ಟರು.

ಆಷಾಢ ಕಳೆದು ಶ್ರಾವಣ ಹುಟ್ಟಿದ ವಾರ ಪಾಲಿಕೆಯ ಆರೋಗ್ಯ ನಿರೀಕ್ಷಕಿ ಪ್ರೇರಣಾ ಮೇಡಂ ಬಂದರು. ಚಿಕ್ಕ ವಯಸ್ಸು, ಸಮಾಧಾನದ ಮಾತು.

"ಅಮ್ಮಾ, ನಾನೇನೂ ನಿಮ್ಮ ಶತ್ರು ಅಲ್ಲ. ಬಡಾವಣೆಯವರು ಅರ್ಜಿ ಕೊಟ್ಟಿದಾರೆ. ಸಂಜೆ ಇಲ್ಲಿ ಕಾಲಿಡೋಕಾಗಲ್ಲ, ಆ ತಿರುವಲ್ಲಿ ಹೆಂಗಸರಿಗೆ ಭಯ ಅಂತ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ನಾನೇ ಬಂದು ನೋಡ್ತೀನಿ. ಆಗಲೂ ಹೀಗೇ ಇದ್ರೆ ಬೀದಿ ವ್ಯಾಪಾರದವರನ್ನೆಲ್ಲ ಉತ್ತರಹಳ್ಳಿ ಕಡೆ ಮೈದಾನಕ್ಕೆ ಕಳಿಸಬೇಕಾಗುತ್ತೆ."

ಮುನಿಲಕ್ಷ್ಮಮ್ಮನ ಕೈಯಲ್ಲಿದ್ದ ದಾರ ಗಂಟು ಬಿತ್ತು. ಆ ಮೈದಾನ ಆಕೆಗೆ ಗೊತ್ತು. ಅಲ್ಲಿ ಹೂ ಇಟ್ಟುಕೊಂಡು ಕೂತರೆ ಮೊದಲ ಗಿರಾಕಿ ಹಸು, ಎರಡನೆಯದೂ ಹಸು. ಹೊಂಗೆಮರ ಬಿಟ್ಟರೆ ಆಕೆಗೆ ಬದುಕೂ ಇಲ್ಲ, ಬದುಕಿನ ಗುರುತೂ ಇಲ್ಲ.

ಅರ್ಜಿಗೆ ಮೊದಲ ರುಜು ಹಾಕಿದ್ದವರು ಅನಂತರಾಮು. ಬ್ಯಾಂಕಿನಿಂದ ನಿವೃತ್ತರಾದವರು, ಮೂರನೇ ಬ್ಲಾಕಿನಲ್ಲಿ ಮನೆ. ಸಂಜೆ ವಾಕಿಂಗ್ ಬಂದು ಜೋಳದ ದಿಂಡಿನ ಮೇಲೆ ಕಾಲಿಟ್ಟು ಜಾರಿ, ಸೊಂಟಕ್ಕೆ ಬೆಲ್ಟು ಕಟ್ಟಿಸಿಕೊಂಡಿದ್ದರು. ಅವರ ಹೆಂಡತಿ ವಾರಿಜಮ್ಮನಿಗೆ ದಿನವೂ ಹೂ ಕೊಡುವವಳು ಇದೇ ಮುನಿಲಕ್ಷ್ಮಮ್ಮ.

"ಏನ್ ಸಾಮಿ, ನನ್ನ ಹೂವಿಲ್ದೆ ನಿಮ್ಮನೆ ದೇವರು ಏಳಲ್ಲ. ನನ್ನನ್ನೇ ಎಬ್ಬಿಸೋಕೆ ರುಜು ಹಾಕಿದೀರಂತೆ?"

"ನಿನ್ನ ಮೇಲಲ್ಲಮ್ಮ, ಕಸದ ಮೇಲೆ" ಎಂದರು ಅನಂತರಾಮು, ಸೊಂಟ ಹಿಡಿದುಕೊಂಡು.

"ಕಸಕ್ಕೆ ಕಾಲಿಲ್ಲ ಸಾಮಿ, ಹೋಗೋದು ನಾನೇ."

ಬೀದಿಯವರೆಲ್ಲ ಕೂಡಿ ದೀಪಕ್ಕೆ ಮೊದಲೇ ಒಂದು ಸಲ ಗುಡಿಸಿಬಿಡುವುದು ಎಂದು ಮಾತಾಡಿಕೊಂಡರು. ಗುಡಿಸಿದರು. ಬೀದಿ ಕನ್ನಡಿಯಾಯಿತು. ಮುನಿಲಕ್ಷ್ಮಮ್ಮ ಹಣತೆ ಹಚ್ಚಿದಳು. ಆಫೀಸು ಬಿಟ್ಟ ಜನ ಬಂದರು, ತಿಂದರು, ಕುಡಿದರು, ಹೋದರು. ಬೀದಿ ಮತ್ತೆ ಛತ್ರವಾಯಿತು.

ಇದನ್ನು ನೋಡಲಾರದೆ ಶಂಕ್ರವ್ವ ಪೊರಕೆ ಎತ್ತಿಕೊಂಡಳು. ಗದಗಿನ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ತಳ್ಳುಗಾಡಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರುತ್ತಾಳೆ. ಬಂದು ವರ್ಷವಾಗಿಲ್ಲ, ಬೀದಿಯಲ್ಲಿ ಇನ್ನೂ ಇಂಥದೇ ಜಾಗ ಅಂತಿಲ್ಲ. ಎರಡು ಸಲ ಪೊರಕೆ ಆಡಿಸಿದ್ದಳೋ ಇಲ್ಲವೋ, ಮುನಿಲಕ್ಷ್ಮಮ್ಮ ಉದ್ದ ತೋಳು ಚಾಚಿ ಕಿತ್ತುಕೊಂಡಳು.

"ದೀಪ ಉರೀತಿರೋದು ಕಾಣಲ್ವಾ? ಲಕ್ಷ್ಮೀನ ಆಚೆ ತಳ್ತೀಯಾ?"

"ನಮ್ಮೂರಾಗೂ ದೀಪ ಹಚ್ಚಿಂದ ಗುಡಸಂಗಿಲ್ರಿ ಯವ್ವಾ" ಎಂದಳು ಶಂಕ್ರವ್ವ. "ಆದ್ರ ನಮ್ಮೂರಾಗ ಪ್ರೇರಣಾ ಮೇಡಂ ಇಲ್ಲರೀ."

ವಾಕಿಂಗ್ ಬಂದಿದ್ದ ಅನಂತರಾಮು ಬಾಯಿ ಹಾಕಿದರು. "ಇದೆಲ್ಲ ಮೂಢನಂಬಿಕೆ. ಆಯಮ್ಮ ಗುಡಿಸಲಿ ಬಿಡು."

"ನಿಮ್ಮನೇಲಿ ವಾರಿಜಮ್ಮೋರು ಸಂಜೆ ಮೇಲೆ ಗುಡಿಸ್ತಾರಾ ಸಾಮಿ?"

ಅನಂತರಾಮು ಬೆಲ್ಟು ಸರಿಮಾಡಿಕೊಂಡು ಮುಂದಕ್ಕೆ ನಡೆದರು.

ಹಬ್ಬ ಹತ್ತಿರ ಬಂತು. ಮುನಿಲಕ್ಷ್ಮಮ್ಮನಿಗೆ ಅನ್ನ ರುಚಿಸಲಿಲ್ಲ. ಪೊರಕೆ ಹಿಡಿದರೆ ಲಕ್ಷ್ಮಿ ಹೋಗುತ್ತಾಳೆ, ಹಿಡಿಯದಿದ್ದರೆ ತಾನೇ ಹೋಗಬೇಕು. ಹೀಗೆ ಯೋಚಿಸುತ್ತಲೇ ಒಂದು ಸಂಜೆ ಹೂ ಕೊಡಲು ಅನಂತರಾಮು ಮನೆಗೆ ಹೋದಳು. ವ್ರತಕ್ಕೆಂದು ತಂದ ಅಕ್ಕಿಯ ಚೀಲ ಒಡೆದು ನಡುಮನೆಯಲ್ಲೆಲ್ಲ ಚೆಲ್ಲಿತ್ತು. ಒಳ್ಳೆಯ ಅಕ್ಕಿಯನ್ನು ಬಾಚಿಟ್ಟು, ವಾರಿಜಮ್ಮ ಉಳಿದ ನುಚ್ಚು ದೂಳನ್ನು ಗುಡಿಸುತ್ತಿದ್ದರು. ದೇವರ ಮುಂದೆ ದೀಪ ಉರಿಯುತ್ತಿತ್ತು. ಮುನಿಲಕ್ಷ್ಮಮ್ಮ ಹೊಸಿಲಲ್ಲೇ ಕಲ್ಲಾದಳು.

"ಅಮ್ಮೋರೇ, ದೀಪ..."

"ಹಚ್ಚಾಗಿದೆ ಕಣೇ. ಅದಕ್ಕೇ ಆಚೆ ಹಾಕ್ತಿಲ್ಲ ನೋಡು." ವಾರಿಜಮ್ಮ ಬಾಗಿಲ ಕಡೆಯಿಂದ ಒಳಗಡೆಗೆ ಗುಡಿಸಿಕೊಂಡು ಹೋಗಿ, ಮೂಲೆಯಲ್ಲಿ ಕೂಡಿಟ್ಟು, ಮೇಲೊಂದು ಮೊರ ಬೋರಲು ಹಾಕಿದರು. "ಒಳಮುಖಕ್ಕೆ ಗುಡಿಸಿದ್ರೆ ದೋಷ ಇಲ್ಲ. ಬೆಳಗಾದ ಮೇಲೆ ಹೊಸಿಲು ದಾಟಿಸಿದ್ರಾಯ್ತು."

"ಮೂಢನಂಬಿಕೆಗೊಂದು ಹಿಂಬಾಗಿಲು" ಎಂದರು ಕುರ್ಚಿಯಲ್ಲಿದ್ದ ಅನಂತರಾಮು.

"ನಿಮ್ಮ ಬ್ಯಾಂಕಿಗೆ ಇರಲಿಲ್ವೇ ಹಿಂಬಾಗಿಲು? ಸುಮ್ನೆ ಕೂತ್ಕೊಳ್ಳಿ."

ಮುನಿಲಕ್ಷ್ಮಮ್ಮನಿಗೆ ತಟ್ಟನೆ ತಲಘಟ್ಟಪುರದ ಮನೆಯ ಕದದ ಹಿಂದೆ ಬೋರಲಾಗಿರುತ್ತಿದ್ದ ಮೊರ ಕಣ್ಣಿಗೆ ಕಟ್ಟಿತು. ಅತ್ತೆಯೂ ಹೀಗೇ ಮಾಡುತ್ತಿದ್ದಳು! ದೀಪ ಹಚ್ಚಿದ ಮೇಲೆ ಗುಡಿಸಬೇಡ ಎಂಬ ಅತ್ತೆಯ ಬೈಗುಳವನ್ನಷ್ಟೇ ಗಂಟು ಕಟ್ಟಿಕೊಂಡು ಬಂದು ಮೊರವನ್ನು ಊರಲ್ಲೇ ಬಿಟ್ಟಿದ್ದೆನಲ್ಲ ಎಂದು ತಲೆ ಚಚ್ಚಿಕೊಂಡಳು. ಹೂ ಕೊಡಲು ಬಂದವಳು ಮೊಳ ಅಳೆಯುವುದನ್ನೂ ಮರೆತು, ಇಡೀ ಹೂವಿನ ಉಂಡೆಯನ್ನು ವಾರಿಜಮ್ಮನ ಕೈಗೆ ಹಾಕಿ ಬೀದಿಗೆ ಓಡಿದಳು.

"ಒಳಮುಖಕ್ಕೆ ಗುಡಿಸ್ಬೇಕು" ಎಂದು ಹೊಂಗೆಮರದ ಕೆಳಗೆ ಎಲ್ಲರನ್ನೂ ಕೂಡಿಸಿ ಹೇಳಿದಳು. "ಬೀದಿಯಿಂದ ಅಂಗಡಿ ಕಡೆಗೆ. ಕಸ ಅಂಗಡಿಯೊಳಗೇ ಬುಟ್ಟೀಲಿರ್ಲಿ. ಬೆಳಗ್ಗೆ ಕಸದ ಗಾಡಿ ಬಂದಾಗ ಕೊಟ್ಟರೆ ಲಕ್ಷ್ಮಿಗೂ ನೋವಿಲ್ಲ, ಮೇಡಂಗೂ ನೋವಿಲ್ಲ."

ಸಿದ್ದರಾಜು ಗಡ್ಡ ಕೆರೆದುಕೊಂಡ. "ಮನೆಗಾದ್ರೆ ಹೊಸಿಲಿದೆ. ಬೀದೀಲಿ ಹೊಸಿಲು ಎಲ್ಲಿಂದ ತರ್ತೀಯಾ ಅಕ್ಕ?"

"ನಿನ್ನ ಕೊಡ, ಬಿಂದಿಗೆನೆಲ್ಲ ಆಚೆ ಚಾಚಿ, ಇಲ್ಲೀವರೆಗೂ ನಂದು ಅಂತ ದಿನಾ ಜಗಳ ಆಡ್ತೀಯಲ್ಲ, ಆ ಗೆರೆನೇ ನಿನ್ನ ಹೊಸಿಲು."

ಎಲ್ಲರೂ ನಕ್ಕರು. ಸಿದ್ದರಾಜು ನಗಲಿಲ್ಲ, ಒಳಗೆ ಹೋಗಿ ಸೊಟ್ಟಬಿದ್ದು ಮಾರಾಟವಾಗದೆ ಉಳಿದಿದ್ದ ಸ್ಟೀಲ್ ಡ್ರಮ್ಮುಗಳನ್ನೆಲ್ಲ ಉರುಳಿಸಿಕೊಂಡು ಬಂದು ಅಂಗಡಿಗೊಂದು ಹಂಚಿದ. "ಕಸ ಹಾಕೋದಾದ್ರೂ ಕಂಪನಿ ಮಾಲಲ್ಲಿ ಹಾಕ್ರಪ್ಪ" ಎಂದ. ಪ್ರತಿಯೊಬ್ಬರೂ ತಮ್ಮ ತಮ್ಮ ಮುಂದೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದುಕೊಂಡರು. ಟ್ರಾನ್ಸ್‌ಫಾರ್ಮರಿನ ತಿರುವು ಮಾತ್ರ ಯಾರ ಗೆರೆಗೂ ಸೇರಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ ಶಂಕ್ರವ್ವ ಸೆರಗು ಸಿಕ್ಕಿಸಿದಳು.

"ನನಗ ಎಲ್ಲೂ ಜಾಗಾ ಇಲ್ಲ, ಅದಕ್ಕ ಯಾರೂ ದಿಕ್ಕಿಲ್ಲ. ಇಬ್ಬರದ್ದೂ ಜೋಡಿ ಆತು ಬಿಡ್ರಿ." ಬೆಳಗ್ಗೆ ಬಂದು ತಿರುವನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದಳು, ಗೋಡೆಗೆ ಸುಣ್ಣ ಬಳಿದಳು, ಗಾಡಿಯನ್ನು ಅಲ್ಲಿಗೇ ತಂದು ಬಲ್ಬು ತೂಗುಹಾಕಿದಳು. ಬಿಸಿ ರೊಟ್ಟಿಯ ಗಾಡಿ ನಿಂತ ಕಡೆ ಗೋಡೆಗೆ ಮುಖ ಮಾಡಲು ಯಾವ ಗಂಡಸಿಗೆ ಧೈರ್ಯ ಬಂದೀತು? ಒಬ್ಬ ಬಂದ. ಶಂಕ್ರವ್ವ ಲಟ್ಟಣಿಗೆ ತೋರಿಸಿ "ಎಷ್ಟು ರೊಟ್ಟಿ ಕೊಡ್ಲಿ ಅಣ್ಣಾರ?" ಅಂದಳು. ಅವನು ಎರಡು ಕಟ್ಟಿಸಿಕೊಂಡು ಹೋದ.

ಆಮೇಲೆ ನಡೆದದ್ದು ಮುನಿಲಕ್ಷ್ಮಮ್ಮನೂ ಎಣಿಸದ ಮಾತು. ದೀಪ ಹಚ್ಚಿದ ಮೇಲೆ ತನ್ನ ಗೆರೆಯೊಳಗಿನ ಕಸ ತನ್ನ ಲಕ್ಷ್ಮಿ ಎಂದಾದ ಮೇಲೆ, ಅದನ್ನು ಪಕ್ಕದವನ ಕಡೆಗೆ ಕಾಲಲ್ಲಿ ತಳ್ಳುವವರು ಯಾರು? ನಿನ್ನೆವರೆಗೆ ಸಿಪ್ಪೆಯನ್ನು ಒದೆಯುತ್ತಿದ್ದ ಬಳೆ ಅಂಗಡಿಯವನು ಈಗ ಗಾಳಿ ಬೀಸಿದರೆ ಎದ್ದು ನಿಲ್ಲುತ್ತಿದ್ದ. ಗಿರಾಕಿ ಕಪ್ಪು ಎಸೆಯುವ ಮೊದಲೇ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು. ಬಂದವರಿಗೆ ಮೊದಮೊದಲು ಗಾಬರಿ, ಆಮೇಲೆ ನಗು, ಆಮೇಲೆ ತಾವೇ ಡ್ರಮ್ಮು ಹುಡುಕಿಕೊಂಡು ಹೋಗಿ ಹಾಕುವ ಅಭ್ಯಾಸ.

ಹಬ್ಬದ ಹಿಂದಿನ ಸಂಜೆ ಬೀದಿ ಜನರಿಂದ ತುಂಬಿಹೋಗಿತ್ತು. ಬಾಳೆಕಂದು, ಮಾವಿನಸೊಪ್ಪು, ತಾವರೆ, ಹಸಿರು ಬಳೆ. ಮುನಿಲಕ್ಷ್ಮಮ್ಮನ ತೋಳಿಗೆ ಬಿಡುವಿಲ್ಲ. ಹಣತೆ ಹಚ್ಚಿ ಕೂತವಳ ಕಣ್ಣು ಮಾತ್ರ ಮೇಡಂ ಬರುವ ದಾರಿಯ ಮೇಲೆ. ಆಷಾಢದ ಬಾಲ ಇನ್ನೂ ಉಳಿದಿತ್ತೋ ಏನೋ, ಭರ್ರನೆ ಗಾಳಿ ಎದ್ದಿತು. ಅದೇ ಹೊತ್ತಿಗೆ ಬೀದಿಯ ಬಾಯಲ್ಲಿ ಪ್ರೇರಣಾ ಮೇಡಂ ಕಾಣಿಸಿಕೊಂಡರು.

ಅವರ ಕಣ್ಣಿಗೆ ಮೊದಲು ಬಿದ್ದದ್ದು ಓಡುತ್ತಿರುವ ಸಿದ್ದರಾಜು. ಬಿಳಿ ಪಂಚೆ ಎತ್ತಿಕಟ್ಟಿ, ಹೊಟ್ಟೆ ಕುಲುಕಿಸಿಕೊಂಡು, ಒಂದು ಪೇಪರ್ ಕಪ್ಪಿನ ಹಿಂದೆ ಓಡುತ್ತಿದ್ದ. ಕಪ್ಪು ಉರುಳಿ ಉರುಳಿ ತಿರುವಿನವರೆಗೆ ಹೋಯಿತು. ಶಂಕ್ರವ್ವ ಅದರ ಮೇಲೆ ಕಾಲಿಟ್ಟಳು.

"ನನ್ನ ಗೆರಿ ದಾಟಿ ಬಂತ್ರಿ ಸಾಹುಕಾರ್ರ. ಇನ್ನ ಇದು ನಂದು."

"ತಾಯೀ, ಅದು ನನ್ನ ಅಂಗಡಿ ಮುಂದಿಂದು. ಕೊಟ್ಟುಬಿಡಮ್ಮ, ನಾಳೆ ಹಬ್ಬ" ಎಂದು ಸಿದ್ದರಾಜು ಏದುಸಿರು ಬಿಟ್ಟ.

"ಅದಕ್ಕ ಕೊಡಂಗಿಲ್ಲ."

ಪ್ರೇರಣಾ ಮೇಡಂ ಹೊಂಗೆಮರದ ಹತ್ತಿರ ಬಂದು ನಿಂತರು. "ಏನಮ್ಮಾ ನಡೀತಿದೆ ಇಲ್ಲಿ?"

"ಲಕ್ಷ್ಮಿ ಓಡಿಹೋಗ್ತಿದ್ಲು ಮೇಡಂ" ಎಂದಳು ಮುನಿಲಕ್ಷ್ಮಮ್ಮ. "ಹಿಡ್ಕೊಂಡು ಬರೋಕೆ ಹೋಗಿದಾರೆ."

ಮೇಡಂ ತಿರುವಿನವರೆಗೆ ನಡೆದುಹೋದರು. ಬಲ್ಬಿನ ಬೆಳಕಿನಲ್ಲಿ ಆಫೀಸಿನ ಹೆಣ್ಣುಮಕ್ಕಳು ಗುಂಪಾಗಿ ನಿಂತು, ನಗುನಗುತ್ತ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು. ವಾಪಸು ಬರುವಾಗ ಎದುರಿಗೆ ಅನಂತರಾಮು ಮತ್ತು ವಾರಿಜಮ್ಮ. ಕಾಲಕೆಳಗೆ ನೋಡದೆ, ಮಾತಾಡಿಕೊಂಡು ಬರುತ್ತಿದ್ದರು.

"ಆ ಅರ್ಜಿಯಿಂದ ನನ್ನ ಹೆಸರು ತೆಗೆದುಬಿಡಿ ಮೇಡಂ" ಎಂದರು ಅನಂತರಾಮು. "ಇಲ್ಲಾಂದ್ರೆ ನಾಳೆ ನಮ್ಮನೇಲಿ ಹಬ್ಬದೂಟ ಇಲ್ಲ."

"ಬೇಡ ಸಾರ್, ಇರಲಿ. ಅದಕ್ಕೆ ಏನು ಬರೀಬೇಕೋ ನಾನು ಬರೀತೀನಿ" ಎಂದು ಪ್ರೇರಣಾ ಮುನಿಲಕ್ಷ್ಮಮ್ಮನ ಕಡೆ ತಿರುಗಿದರು. "ನೀವು ಎಲ್ಲೂ ಹೋಗ್ಬೇಕಾಗಿಲ್ಲಮ್ಮ. ನನಗೂ ಎರಡು ಮೊಳ ಮಲ್ಲಿಗೆ ಅಳೀರಿ."

ಮುನಿಲಕ್ಷ್ಮಮ್ಮ ತೋಳನ್ನು ಎಷ್ಟು ಚಾಚಬಹುದೋ ಅಷ್ಟು ಚಾಚಿ ಅಳೆದಳು. ಆ ಸಂಜೆಯಷ್ಟು ಉದ್ದದ ಮೊಳ ಆಕೆಗೇ ಎಂದೂ ಬಂದಿರಲಿಲ್ಲ. ಬಾಳೆಎಲೆಯಲ್ಲಿ ಸುತ್ತಿ ಕೊಡುವಾಗ ಎಲೆಯದೊಂದು ಚೂರು ಹರಿದು ನೆಲಕ್ಕೆ ಬಿತ್ತು. ಮೇಡಂ ಎತ್ತಲು ಬಗ್ಗಿದರು. ಅಷ್ಟರಲ್ಲಿ ಉದ್ದನೆಯ ಕೈಯೊಂದು ಅದರ ಮೇಲೆ ಕೂತಿತ್ತು.

"ಬಿಡಿ ಮೇಡಂ" ಎಂದಳು ಮುನಿಲಕ್ಷ್ಮಮ್ಮ. "ನನ್ನ ಗೆರೆ ಒಳಗೆ ಬಿದ್ದಿದೆ."