ಅಂಟುವಾಳದ ನೀರಿನಲ್ಲಿ ಮೌತಾರ್ಗನ್

ನನ್ನ ಮೊಮ್ಮಗಳು ಮೌತಾರ್ಗನ್ ನುಡಿಸುತ್ತಾಳೆ. ಎಷ್ಟು ಜನರಿಗೆ ಹೇಳಿದರೂ ನನಗೆ ಸಾಕಾಗುವುದಿಲ್ಲ. ಜಯಪುರದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ರೇಷನ್ ಅಂಗಡಿಯಲ್ಲಿ ಹೇಳಿದ್ದೇನೆ, ಕಣ್ಣು ನೋಡಿದ ಡಾಕ್ಟರಿಗೂ ಹೇಳಿದ್ದೇನೆ. ಹತ್ತು ವರ್ಷದ ಕೂಸು, ಫೋನು ನೋಡಿಯೇ ಕಲಿತದ್ದು! ಆದರೆ ಅವಳು ನುಡಿಸುವಾಗ ನನ್ನ ಬೆನ್ನ ಹಿಂದೆ ಒಬ್ಬರು ನಿಂತು ಕೇಳುತ್ತಿರುತ್ತಾರೆ. ಆ ಮಾತನ್ನು ಮಾತ್ರ ಮನೆಯ ಹೊರಗೆ ಯಾರಿಗೂ ಹೇಳಿಲ್ಲ.

ಈ ವಾದ್ಯ ನಮ್ಮ ಕಡೆಗೆ ಹೇಗೆ ಬಂತೋ ತಿಳಿಯದು. ಬಿಳಿ ದೊರೆಗಳು ತಂದರು ಎನ್ನುವವರಿದ್ದರು, ಮಂಗಳೂರಿಗೆ ಹೋಗಿಬರುವ ಲಾರಿಯವರು ತಂದರು ಎನ್ನುವವರೂ ಇದ್ದರು. ನಾನು ಮದುವೆಯಾಗಿ ಕೊಪ್ಪದ ಕಡೆಯ ಕಾಫಿ ತೋಟದ ಲೈನಿಗೆ, ಆಳುಗಳ ಮನೆಸಾಲಿಗೆ, ಬಂದಾಗ ಪ್ರತಿ ತೋಟದಲ್ಲೂ ಒಬ್ಬಿಬ್ಬರು ನುಡಿಸುವವರಿದ್ದರು. ಡ್ರೈವರು, ಲೆಕ್ಕ ಬರೆಯುವ ರೈಟರು, ಔಷಧಿ ಹೊಡೆಯುವವರು. ಅಂಗಿ ಜೇಬಿನಲ್ಲಿ ಬಾಚಣಿಗೆ, ಅದರ ಪಕ್ಕ ಮೌತಾರ್ಗನ್. ಗುರುವಿಲ್ಲ, ಪುಸ್ತಕವಿಲ್ಲ. ರೇಡಿಯೋದ ಸಿನಿಮಾ ಹಾಡನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು ಮರುದಿನ ತುಟಿಯಲ್ಲಿ ಹುಡುಕುವುದು. ಮದುವೆ ದಿಬ್ಬಣದ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟು ಅವರಿಗೇ.

ಅದಕ್ಕೊಂದು ಕಟ್ಟುಪಾಡಿತ್ತು. ಡೋಲನ್ನು, ತಾಳವನ್ನು ಎರವಲು ಕೊಡಬಹುದು, ಮೌತಾರ್ಗನ್ ಕೊಡುವಂತಿಲ್ಲ. ಎಂಜಲು. ಹೆಂಡತಿಯೂ ಅದನ್ನು ಬಾಯಿಗಿಡಬಾರದು. ನುಡಿಸುವವನು ಸತ್ತರೆ ಅವನ ಎದೆಯ ಮೇಲಿಟ್ಟು ಜೊತೆಯಲ್ಲೇ ಕಳಿಸುತ್ತಿದ್ದರು.

ನನ್ನ ಯಜಮಾನರು ತೋಟದ ಪಿಕಪ್ ಓಡಿಸುತ್ತಿದ್ದರು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ನಾವಿರುವ ಗಿಡಸಾಲಿನ ಕೊನೆಗೆ ಗಾಡಿ ತಂದು ನಿಲ್ಲಿಸಿ, ಊಟದ ಹೊತ್ತಿಗೆ ನುಡಿಸುತ್ತಿದ್ದರು. "ಓ, ನಿನ್ನ ಗಂಡಂದು ಹಾರನ್ ಆಯ್ತು, ಹೋಗೇ ಮಾರಾಯ್ತಿ, ರೊಟ್ಟಿ ಆರ್ತದೆ" ಎಂದು ಹೆಂಗಸರು ನನ್ನನ್ನು ದೂಡುತ್ತಿದ್ದರು. ನನಗೆ ನಾಚಿಕೆ. ಒಳಗೊಳಗೆ ಜಂಬ.

ಅವರು ತೀರಿಕೊಂಡ ದಿನ ಅವರ ಅಣ್ಣ ಬಾಗಿಲಲ್ಲಿ ನಿಂತು ಕೇಳಿದರು: "ಮೌತಾರ್ಗನ್ ಎಲ್ಲುಂಟು? ತಗಂಬಾ, ಜೊತೆಗಿಡ್ಬೇಕು."

"ಸಿಗ್ತಾ ಇಲ್ಲ ಭಾವ" ಎಂದೆ.

ಸುಳ್ಳು. ನನ್ನ ಟ್ರಂಕಿನಲ್ಲಿ, ಸೀರೆಯೊಳಗೆ ನಾನೇ ಸುತ್ತಿಟ್ಟಿದ್ದೆ. ಅವರ ಉಸಿರು ಅದರಲ್ಲಿ ಉಳಿದಿದೆ, ಅದೂ ಬೆಂಕಿಗೆ ಹೋದರೆ ನನಗೆ ಏನಿದೆ ಎನ್ನಿಸಿತ್ತು.

ಮುಂದಿನ ಕೊಯ್ಲಿಗೆ ಅದು ಶುರುವಾಯಿತು. ನಡುಮಧ್ಯಾಹ್ನ, ಸುತ್ತ ಜನ ಇರುವಾಗಲೇ, ಸಾಲಿನ ಕೊನೆಯಿಂದ ಎರಡೇ ಎರಡು ಸ್ವರ. ತಿರುಗಿದರೆ ಸಿಲ್ವರ್ ಮರ, ಅದನ್ನು ತಬ್ಬಿದ ಮೆಣಸಿನ ಬಳ್ಳಿ. ಪಕ್ಕದವಳು "ಎಂತದೂ ಇಲ್ಲ, ಹಕ್ಕಿ" ಎನ್ನುವಳು. ಹಕ್ಕಿ ಎರಡು ಸ್ವರದ ನಡುವೆ ಹಾಗೆ ಉಸಿರು ತೆಗೆದುಕೊಳ್ಳುವುದಿಲ್ಲ. ತಮ್ಮ ವಸ್ತುವನ್ನು ವಾಪಸ್ ಕೊಡು ಎನ್ನುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷ ಕೊಡಲಿಲ್ಲ.

ಈ ಸಲದ ಕೊಯ್ಲಿನಲ್ಲಿ, ಒಂದು ಶನಿವಾರ, ಮಗಳು ಮೊಮ್ಮಗಳನ್ನು ಕರೆದುಕೊಂಡು ಸೀತೂರಿನಿಂದ ಬಂದಳು. ಕೂಸಿನ ಪ್ಲಾಸ್ಟಿಕ್ ಮೌತಾರ್ಗನ್ ಒಡೆದುಹೋಗಿತ್ತು.

"ಅಜ್ಜೀ, ಅಜ್ಜಂದು ಒಂದಿತ್ತಂತಲ್ಲ, ಕೊಡ್ತೀಯಾ?"

"ಅದು ಎಂಜಲು ಮಗಾ."

"ನೀನು ನನ್ನ ಐಸ್‌ಕ್ರೀಮ್ ನೆಕ್ತೀಯಲ್ಲ, ಅದು ಎಂಜಲಲ್ವಾ?"

ನಗು ಬಂದು ಸೋತೆ. ಟ್ರಂಕ್ ತೆಗೆದೆ. ಆದರೂ ಸತ್ತವರ ಬಾಯಿಯಲ್ಲಿದ್ದದ್ದನ್ನು ಕೂಸಿನ ಬಾಯಿಗೆ ಹಾಗೇ ಕೊಡುವುದು ಹೇಗೆ? ಶುದ್ಧ ಮಾಡಿಯೇ ಕೊಡೋಣವೆಂದು ಅಂಟುವಾಳದ ಕಾಯಿ ಜಜ್ಜಿ ನೀರು ಕುದಿಸಿ, ಬೆಳ್ಳಿ ಪಾತ್ರೆಯನ್ನು ತೊಳೆಯಲು ಹಾಕುವ ಹಾಗೆ ಮೌತಾರ್ಗನ್ನನ್ನು ಅದರೊಳಗೆ ಮುಳುಗಿಸಿದೆ. ಒಂದೊಂದು ತೂತಿನಿಂದಲೂ ಸಾಲಾಗಿ ಗುಳ್ಳೆ ಎದ್ದವು. ಚಂದವೆಂದು ನೋಡುತ್ತ ನಿಂತಿದ್ದೆ. ಆಮೇಲೆ ಹೊಳೆಯಿತು. ಅದು ಗಾಳಿ. ಒಳಗಿದ್ದ ಗಾಳಿ.

ಸೌಟಿನಲ್ಲಿ ಎತ್ತಿ, ಒರೆಸಿ ಕೊಟ್ಟೆ. ಕೂಸು ಊದಿತು, ಮತ್ತೆ ಊದಿತು. "ಇದು ಸತ್ತೋಗಿದೆ ಅಜ್ಜಿ" ಎಂದಿತು.

ಸೋಮವಾರ ಕೊಯ್ಲಿಗೆ ಹೋದೆ. ಸಾಲಿನ ಕೊನೆಯಿಂದ ಏನೂ ಕೇಳಲಿಲ್ಲ. ಮಂಗಳವಾರವೂ ಇಲ್ಲ. ಹನ್ನೊಂದು ವರ್ಷ ಆ ಸದ್ದಿಗೆ ಹೆದರಿದವಳು ಈಗ ಅದು ಇಲ್ಲದ್ದಕ್ಕೆ ಹೆದರಿದೆ. ಬುಟ್ಟಿಗೆ ಹಸಿ ಕಾಯಿ ಕಿತ್ತು ಹಾಕಿ ರೈಟರ ಹತ್ತಿರ ಬೈಸಿಕೊಂಡೆ.

ಭಜನೆ ಮನೆಗಳ ಹಾರ್ಮೋನಿಯಂ ರಿಪೇರಿ ಮಾಡುವ ಮುದುಕರೊಬ್ಬರು ಶೃಂಗೇರಿಯಲ್ಲಿದ್ದಾರೆಂದು ಕೇಳಿ, ರಜೆ ಹಾಕಿ ಹೋದೆ. ಅವರು ಮೌತಾರ್ಗನ್ನಿನ ತಗಡು ಬಿಚ್ಚಿದರು, ಮೂಸಿದರು.

"ಎಂತ ಮಾರಾಯ್ತಿ, ಇದನ್ನ ಬೇಯ್ಸಿದ್ಯಾ? ಗೆಣಸು ಅಂತ ಮಾಡಿದ್ಯಾ?"

ಒಳಗೆ ಮರದ ಪಟ್ಟಿ ಇರುತ್ತದೆಂದು ನನಗೇನು ಗೊತ್ತು! ಅದು ನೀರು ಕುಡಿದು ಉಬ್ಬಿ, ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಗಳನ್ನು ಅದುಮಿ ಹಿಡಿದಿತ್ತು. ಅವರು ಸೂಜಿಯಿಂದ ಒಂದು ನಾಲಿಗೆ ಎತ್ತಿ ಕಪ್ಪು ಚೂರೊಂದನ್ನು ತೆಗೆದರು. "ನಿನ್ನ ಗಂಡ ಹೊಗೆಸೊಪ್ಪು ಹಾಕ್ತಿದ್ದಾ? ಇಲ್ಲೇ ಉಂಟು ನೋಡು." ಕೊಡವಲು ಹೊರಟಿದ್ದರು, ನಾನು ಅಂಗೈ ಒಡ್ಡಿದೆ. ಅವರು ನಗಲಿಲ್ಲ.

"ಅಕ್ಕಿ ಡಬ್ಬಿಯೊಳಗೆ ಹುಗಿದಿಡು, ಹದಿನೈದು ದಿನ. ಒಣಗಿ ಸ್ವರ ಬಂದ್ರೆ ಬಂತು."

ಹದಿನೈದು ದಿನ ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಅದು ಬೆರಳಿಗೆ ತಾಗುತ್ತಿತ್ತು, ತಣ್ಣಗೆ, ಮಲಗಿದವರ ಪಾದದಂತೆ.

ಆ ಮೇಲಿನ ಭಾನುವಾರ ಕೂಸು ಬಂದು ಊದಿತು. ಮೊದಲು ಬರೀ ಗಾಳಿ. ಆಮೇಲೆ ಕೀರಲು. ಆಮೇಲೆ, ಅಯ್ಯೋ, ಸ್ವರ! ನಾನು ಸೌಟು ಹಿಡಿದೇ ಕುಣಿದೆ ಎಂದು ಮಗಳು ಈಗಲೂ ಆಡಿಕೊಳ್ಳುತ್ತಾಳೆ. ಹಾಡು ಜೋರಾದಷ್ಟೂ ಬೆನ್ನ ಹಿಂದೆ ಯಜಮಾನರು ಬಂದು ನಿಂತದ್ದು ಗೊತ್ತಾಗುತ್ತಿತ್ತು. ಜೊತೆಗೇ ಹೆದರಿಕೆಯೂ. ಕುದಿನೀರಿನಲ್ಲಿ ಹೋಗದೆ ಉಳಿದ ಒಂದಿಷ್ಟು ಉಸಿರನ್ನು ಈ ಕೂಸು ಊದಿ ಊದಿ ಮುಗಿಸುತ್ತಿದೆಯಲ್ಲ!

"ಸಾಕು ಮಗಾ, ಖಾಲಿ ಮಾಡ್ಬೇಡ."

"ಎಂತ ಖಾಲಿ?"

ಹೇಳಿದೆ. ಟ್ರಂಕಿನಲ್ಲಿ ಅಡಗಿಸಿದ್ದು, ಭಾವನಿಗೆ ಸುಳ್ಳು ಹೇಳಿದ್ದು, ಆ ಎರಡು ಸ್ವರ, ಎಲ್ಲ. ಮಗಳು ನನ್ನ ಕೈಯಿಂದ ಸೌಟು ತೆಗೆದಿಟ್ಟಳು. ಕೂಸು ಹೇಳಿತು:

"ಊದಿದ್ರೆ ಮಾತ್ರ ಅಲ್ಲ ಅಜ್ಜಿ, ಒಳಗೆ ಎಳ್ಕೊಂಡ್ರೂ ಇದು ನುಡೀತದೆ. ಅರ್ಧ ಹಾಡು ಎಳ್ಕೊಳ್ಳೋದೇ. ನೀನು ಊದ್ಬೇಡ, ಎಳ್ಕೋ. ತಗೋ."

ಅಷ್ಟು ವರ್ಷ ಅವರ ಜೊತೆ ಬಾಳಿದವಳಿಗೆ ಅದು ಗೊತ್ತಿರಲಿಲ್ಲ. ಕೂಸು ಒರೆಸದೆಯೇ ಕೊಟ್ಟಿತು, ನಾನೂ ಒರೆಸಲಿಲ್ಲ. ತುಟಿಗಿಟ್ಟೆ. ಹಿತ್ತಾಳೆಯ ರುಚಿ, ಅಕ್ಕಿಯ ಹಿಟ್ಟು. ಮೆಲ್ಲಗೆ ಎಳೆದೆ. ಸ್ವರ ಬಂತು, ನನ್ನ ಕಡೆಗೇ ಬಂತು. ಎದೆ ತುಂಬುವಷ್ಟು ಎಳೆದುಕೊಂಡು, ಬಾಯಿ ಬಿಗಿದು, ಕಣ್ಣು ಮುಚ್ಚಿ ಕೂತೆ.

"ಅಮ್ಮಾ, ಅಜ್ಜಿ ಉಸಿರು ಬಿಡ್ತಾ ಇಲ್ಲ!" ಎಂದು ಮೊಮ್ಮಗಳು ನನ್ನ ಬೆನ್ನಿಗೆ ಗುದ್ದತೊಡಗಿದಳು.