ಅಜ್ಜನಾಗುವ ಆತುರದಲ್ಲಿ

ಹೋದ ವರ್ಷದ ಬೇಸಿಗೆ. ಮಗನ ಮದುವೆಯಾಗಿ ನಾಲ್ಕು ವರ್ಷ ತುಂಬಿದ ದಿನ ನಾವು ಮನೆಮಂದಿಯೆಲ್ಲ ಹರಿಹರದ ಆಚೆ ಹೆದ್ದಾರಿ ಪಕ್ಕದ ಥೀಮ್ ಪಾರ್ಕಿಗೆ ಹೋಗಿದ್ದೆವು. ಮನೆಮಂದಿ ಅಂದರೆ ನಾನು, ನನ್ನ ಹೆಂಡತಿ, ಮಗ ಮತ್ತು ಸೊಸೆ, ಅಷ್ಟೇ. ಆ ದಿನ ನಾನು ಮಾಡಿದ ತಪ್ಪನ್ನು ಮನೆಯಲ್ಲಿ ಒಪ್ಪಿಕೊಂಡಾಗಿದೆ. ಆದರೂ ಮನಸ್ಸು ಹಗುರಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿಯೊಂದರಲ್ಲಿ ದುಡಿದು ಈಗ ಮನೆಯಲ್ಲಿದ್ದೇನೆ. ಮಗ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಸೊಸೆ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲೇ ಕೂತು ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ನಾನೇನೂ ಬಾಯಿಬಿಟ್ಟು ಕೇಳಿದವನಲ್ಲ. ಆದರೆ ಹೊಲಿದಿಟ್ಟ ಪುಟ್ಟ ಚಡ್ಡಿಯನ್ನು ಎತ್ತಿ ಹಿಡಿದು "ಎಷ್ಟು ಸಣ್ಣದೈತಲ್ಲ" ಅನ್ನುವುದು, ಪಕ್ಕದ ಮನೆಯ ಕೂಸನ್ನು ಕರೆತಂದು ಅವಳ ಮುಂದೆ ಆಡಿಸುವುದು, ಇಂಥದ್ದು ಬಿಟ್ಟಿರಲಿಲ್ಲ. ಅದೂ ಕೇಳಿದ ಹಾಗೇ ಎಂದು ಆಗ ಹೊಳೆದಿರಲಿಲ್ಲ.

ಪಾರ್ಕಿಗೆ ಹೋಗೋಣ ಅಂದವನು ಮಗ. ಈ ವಯಸ್ಸಿನಲ್ಲಿ ನಮಗ್ಯಾಕೆ ಅದೆಲ್ಲ ಎಂದು ನಾನು ರಾಗ ಎಳೆದೆ. ಹೆಂಡತಿ ನನ್ನತ್ತ ಕಣ್ಣು ಬಿಟ್ಟಳು, ನಾನು ಹೂಂ ಅಂದೆ. ಹರಿಹರದವರೆಗೆ ಬಸ್ಸು, ಅಲ್ಲಿಂದ ಆಟೋ. ಬಸ್ಸಿನಲ್ಲಿ ಸೊಸೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಹಿಂದಿನ ತಿಂಗಳು ಅವಳಿಗೆ ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿದ್ದಳು, ಅದರ ನಿಶ್ಶಕ್ತಿ ಇರಬೇಕು ಅಂದುಕೊಂಡೆ.

ಪಾರ್ಕಿನೊಳಗೆ ಹೋದ ಮೇಲೆ ನನ್ನ ಲೆಕ್ಕಾಚಾರ ಬದಲಾಯಿತು. ಅತ್ತಿತ್ತ ತೂಗುವ ದೊಡ್ಡ ದೋಣಿಗೆ ಮಗ ಕರೆದರೆ ಅವಳು ಒಲ್ಲೆ ಅಂದಳು. ನೀರಿಗಿಳಿಯಲೂ ಒಲ್ಲೆ. ಮೆಟ್ಟಿಲು ಹತ್ತುವಾಗ ಮಗ ಅವಳ ಮೊಣಕೈ ಹಿಡಿದ. ಗೇಟಿನ ಹತ್ತಿರ ಮಾವಿನಕಾಯಿ ಹೋಳಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದರು. ಬೆಳಗ್ಗೆ ಉಪ್ಪಿಟ್ಟು ಮುಟ್ಟದಿದ್ದವಳು ಅದನ್ನು ಮಾತ್ರ ಕೇಳಿ ತರಿಸಿಕೊಂಡು ತಿಂದಳು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಬಸುರಿಯ ಸುದ್ದಿ ಹೊರಗೆ ಬಿಡುವುದಿಲ್ಲ. ಹೆಂಗಸರು ಮುಚ್ಚಿಟ್ಟಿದ್ದಾರೆ, ತಾವಾಗೇ ಹೇಳಲಿ, ಅಲ್ಲಿಯವರೆಗೆ ನನಗೂ ಗೊತ್ತಿಲ್ಲದ ಹಾಗೇ ಇರಲಿ ಎಂದು ಮನಸ್ಸಿನಲ್ಲೇ ನಕ್ಕೆ.

ಆಮೇಲೆ ನಾನು ಅವಳ ಬೆನ್ನು ಬಿಡಲಿಲ್ಲ. ಊಟದ ಚೀಲ ಅವಳ ಕೈಯಿಂದ ಕಸಿದುಕೊಂಡೆ. ನೆರಳು ಹುಡುಕಿ ಕೂರಿಸಿದೆ. ಎಳನೀರು ತಂದುಕೊಟ್ಟೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನೀವು ಕೂಡ್ರಿ ಮಾವ, ಎಷ್ಟು ಓಡಾಡ್ತೀರಿ" ಅಂದಳು. ಅವಳ ಕಣ್ಣು ತುಂಬಿದ್ದನ್ನು ಕಂಡೆ. ಬಸುರಿಯರಿಗೆ ಹಾಗೆಲ್ಲ ಆಗುತ್ತದೆ ಅಂದುಕೊಂಡೆ.

ಮಧ್ಯಾಹ್ನ ಪುಟಾಣಿ ರೈಲಿನ ಹತ್ತಿರ ಒಬ್ಬನೇ ಕೂತಿದ್ದಾಗ ರಾಣೇಬೆನ್ನೂರಿನ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ಕೂತರು. ಅವರ ಮೊಮ್ಮಗಳು ತನ್ನ ಚಪ್ಪಲಿ ಬಿಚ್ಚಿ, ಅವರ ಕೈಗಲ್ಲ, ನನ್ನ ಕೈಗೆ ಕೊಟ್ಟು ರೈಲಿನತ್ತ ಓಡಿದಳು. ಅವರು ನಕ್ಕು, "ನಿಮ್ಮ ಮೊಮ್ಮಕ್ಕಳೆಲ್ರಿ?" ಅಂತ ಕೇಳಿದರು. "ಬರೋದೈತ್ರಿ" ಅಂದುಬಿಟ್ಟೆ.

ಆ ಪುಟ್ಟ ಚಪ್ಪಲಿ ಹಿಡಿದು ಕೂತು ನಾನು ಏನೆಲ್ಲ ಕಲ್ಪಿಸಿಕೊಂಡೆ! ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ರೈಲು ಹತ್ತಿದ್ದೆ. ಅದು ಸುರಂಗ ಬಂದಾಗ ಹೆದರಿ ನನ್ನ ಅಂಗಿ ಹಿಡಿದುಕೊಂಡಿತ್ತು. ನಮ್ಮ ಸಾಹುಕಾರರು ಮೊಮ್ಮಕ್ಕಳಾದಾಗ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಕೂಸನ್ನು ಒಂದು ಕಡೆ, ಬೆಲ್ಲವನ್ನು ಇನ್ನೊಂದು ಕಡೆ ಇಟ್ಟು ತೂಗಿಸಿ, ಆ ಬೆಲ್ಲವನ್ನು ಬೀದಿಗೆಲ್ಲ ಹಂಚುತ್ತಿದ್ದರು. ತೂಗುವವನು ನಾನೇ. ಅವರ ಮನೆಯ ಎಷ್ಟೋ ಕೂಸುಗಳು ನನ್ನ ತಕ್ಕಡಿಯಲ್ಲಿ ಅತ್ತಿವೆ. ಇನ್ನು ನನ್ನದೂ ಅಳಲಿ ಅನ್ನಿಸಿತು. ಆ ಸಂತೋಷ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಲ್ಲಿಂದಲೇ ನಂದಿಗುಡಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಯಾರಿಗೂ ಹೇಳಬೇಡ ಎಂದೂ ಸೇರಿಸಿದೆ.

ಅಕ್ಕ ಯಾರಿಗೂ ಹೇಳಲಿಲ್ಲ. ನಾಲ್ಕೈದು ದಿನದ ಮೇಲೆ ಅವಳೇ ಬಂದಳು.

ನಮ್ಮಲ್ಲಿ ಸೀಮಂತಕ್ಕೆ ಕುಬುಸ ಅನ್ನುತ್ತೇವೆ. ಅದು ನಾಲ್ಕು ಜನರನ್ನು ಕರೆದು ಮಾಡುವ ಕಾರ್ಯ. ಅದಕ್ಕೂ ಮೊದಲು, ಊರಿಗೆ ಸುದ್ದಿಯಾಗುವ ಮುಂಚೆ, ಹತ್ತಿರದವರು ಸದ್ದಿಲ್ಲದೆ ಹಸಿರು ರವಿಕೆ ಕಣ, ಹಸಿರು ಬಳೆ ಕೊಟ್ಟು ಉಡಿ ತುಂಬುವುದುಂಟು. ಅದಕ್ಕೆ ಕಳ್ಳಕುಬುಸ ಎಂದು ಹೆಸರು. ಅಕ್ಕ ಅದಕ್ಕೇ ಬಂದಿದ್ದಳು. ಮಗ ಕೆಲಸಕ್ಕೆ ಹೋಗಿದ್ದ. ಅವಳು ಬಂದವಳೇ ನೀರೂ ಕುಡಿಯದೆ ನಡುಮನೆಯಲ್ಲಿ ಮಣೆ ಹಾಕಿ, ಕಣ, ಬಳೆ, ಕೊಬ್ಬರಿ ಬಟ್ಟಲು, ಕರ್ಜಿಕಾಯಿ ಎಲ್ಲ ತಟ್ಟೆಗಿಟ್ಟಳು.

"ಬಾರವ್ವ, ಕೂಡು. ನಿಮ್ಮ ಅತ್ತೆ ಒಳಗಿರ್ಲಿ, ಇದು ಕಳ್ಳತನದ ಕೆಲಸ" ಅಂತ ನಗುತ್ತ ಸೊಸೆಯನ್ನು ಕರೆದಳು.

ಸೊಸೆ ಮಿಷಿನ್ನಿನ ಮುಂದಿನಿಂದ ಎದ್ದು ಬಂದು ಆ ಹಸಿರು ನೋಡಿ ಅಲ್ಲೇ ನಿಂತಳು.

"ಯಾರು ಹೇಳಿದ್ರು ಅತ್ತೆ ನಿಮಗೆ?"

ಅಕ್ಕ ಗಲ್ಲ ಎತ್ತಿ ನನ್ನನ್ನು ತೋರಿಸಿದಳು. ಸೊಸೆ ನನ್ನ ಕಡೆ ನೋಡಿದಳು. ಬೈಗುಳ ತಿಂದಿದ್ದೇನೆ, ಸಾಹುಕಾರರ ಕೈಯಲ್ಲಿ ಏಟನ್ನೂ ತಿಂದಿದ್ದೇನೆ. ಆದರೆ ಆ ನೋಟದ ಮುಂದೆ ತಲೆ ತಗ್ಗಿಸಿದ ಹಾಗೆ ಇನ್ನೆಲ್ಲೂ ತಗ್ಗಿಸಿಲ್ಲ. ಅವಳು ಒಳಗೆ ಹೋದಳು. ಹೆಂಡತಿ ಅಡುಗೆಮನೆಯಿಂದ ಬಂದು ತಟ್ಟೆ ನೋಡಿ ಹಣೆ ಒತ್ತಿಕೊಂಡಳು. ಆಮೇಲೆ ದನಿ ತಗ್ಗಿಸಿ ನಮ್ಮಿಬ್ಬರಿಗೂ ಹೇಳಿದಳು. ಹಿಂದಿನ ತಿಂಗಳು ಬಂದದ್ದು ಜ್ವರವಲ್ಲ. ಎರಡು ತಿಂಗಳ ಗರ್ಭ ಇಳಿದುಹೋಗಿತ್ತು. ಅವಳ ಮನಸ್ಸು ಸ್ವಲ್ಪ ತಿಳಿಯಾಗಲಿ ಎಂದೇ ಮಗ ಪಾರ್ಕಿಗೆ ಕರೆದುಕೊಂಡು ಹೋಗಿದ್ದು.

"ನನಗ್ಯಾಕ ಹೇಳ್ಲಿಲ್ಲ?" ಅಂದೆ.

"ಯಾಕ ಹೇಳ್ಲಿಲ್ಲ ಅಂತ ಆ ತಟ್ಟ್ಯಾಗೈತಲ್ಲ, ನೋಡ್ಕಳ್ರಿ" ಅಂದಳು ಹೆಂಡತಿ.

ಅಕ್ಕ ನನ್ನ ಕಡೆ ತಿರುಗಿ, "ಬೆಲ್ಲದ ಅಂಗಡ್ಯಾಗೆ ಅಷ್ಟು ವರ್ಷ ಬೀಗ ಹಾಕಿದಿ, ಬಾಯಿಗೊಂದು ಹಾಕ್ಕಣಕೆ ಆಗ್ಲಿಲ್ಲೇನೋ ತಮ್ಮ" ಅಂದಳು. ತಟ್ಟೆಯಿಂದ ಹಸಿರು ಬಳೆಗಳನ್ನು ತೆಗೆದು ಚೀಲಕ್ಕೆ ಹಾಕಿದಳು. ಸೊಸೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತು ಹೇಳಿದ ಮಾತು ನನಗೂ ಕೇಳಿಸಿತು.

"ಇದು ಕುಬುಸ ಅಲ್ಲವ್ವ. ತವರಿಗೆ ಬಂದ ಮಗಳನ್ನ ಬರಿಗೈಲಿ ಕಳಿಸ್ತಾರೇನು? ಹಂಗೆ ಅನ್ಕ. ಬ್ಯಾಡ ಅಂದ್ರೆ ಬ್ಯಾಡ, ನಾನೇನೂ ಬೇಜಾರು ಮಾಡ್ಕಳಲ್ಲ."

ತುಂಬಾ ಹೊತ್ತಿನ ಮೇಲೆ ಸೊಸೆ ಬಂದು ಮಣೆಯ ಮೇಲೆ ಕೂತಳು. ಅಕ್ಕ ಉಡಿ ತುಂಬಿ ಅವಳ ತಲೆ ಸವರಿದಳು. ನಾನು ಅಲ್ಲಿರಲಾರದೆ ಹೊರಗೆ ಕಟ್ಟೆಯ ಮೇಲೆ ಕೂತೆ.

ಸಂಜೆ ಅಕ್ಕನನ್ನು ಬಸ್ಸು ಹತ್ತಿಸಿ ಬಂದಾಗ ಸೊಸೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮಾವನಾದವನು ಸೊಸೆಯ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ನಮ್ಮ ಮನೆತನದಲ್ಲಿ ಕೇಳಿಲ್ಲದ ಮಾತು. ಮೆಟ್ಟಿಲಲ್ಲಿ ಎರಡು ಸಲ ನಿಂತೆ. ಕೊನೆಗೆ ಹತ್ತಿ ಹೋಗಿ, "ತಪ್ಪಾತವ್ವ ನಂದು" ಅಂದೆ.

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನಂದಿಗುಡಿ ಅತ್ತೆ ಬಂದಿದ್ದಕ್ಕೆ ಬೇಜಾರಿಲ್ಲ ಮಾವ. ಅವತ್ತು ಪಾರ್ಕಿನಾಗೆ ನೀವು ಎಳನೀರು ತಂದ್ರಿ, ಚೀಲ ಹಿಡದ್ರಿ. ನಿಮಗೆ ಎಲ್ಲಾ ಗೊತ್ತಾಗೈತೆ, ಬಾಯಿಬಿಟ್ಟು ಕೇಳ್ದೆ ನನ್ನ ನೋಡ್ಕಳ್ತಿದೀರಿ ಅಂತ ಅನ್ಕಂಡಿದ್ದೆ. ನಮ್ಮಪ್ಪ ಇದ್ದಿದ್ರೂ ಹಿಂಗೇ ಮಾಡ್ತಿದ್ರು ಅಂತ ಅವತ್ತು ರಾತ್ರಿ ಇವರಿಗೂ ಹೇಳ್ದೆ." ಮಡಚಿದ ಬಟ್ಟೆಯನ್ನು ರಾಶಿಯ ಮೇಲಿಟ್ಟು, "ಅದು ನನಗಲ್ಲ ಅಂತ ಇವತ್ತು ಗೊತ್ತಾತು" ಅಂದಳು.

ಅವಳು ಹೇಳಿದ್ದು ನಿಜ. ಎಳನೀರು ಕೊಟ್ಟಾಗ ನಾನು ನೋಡಿದ್ದು ಅವಳ ಮುಖವನ್ನಲ್ಲ. ಹುಟ್ಟದ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಅವಸರದಲ್ಲಿ, ಪಕ್ಕದಲ್ಲೇ ನೊಂದು ಕೂತ ಹುಡುಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ತಂದೆ ಇಲ್ಲ ಎನ್ನುವುದು ಮದುವೆ ಮಾತುಕತೆಯಲ್ಲಿ ಕೇಳಿದ್ದ ಸಂಗತಿ. ಅದರ ಅರ್ಥ ತಿಳಿದದ್ದು ಆ ಮಾಳಿಗೆಯ ಮೇಲೆ.

ಆಮೇಲೂ ಸೊಸೆ ಎಂದಿನಂತೆ ಕಾಫಿ ಕೊಟ್ಟಳು, ಊಟಕ್ಕೆ ಕರೆದಳು. ಆದರೆ ತನ್ನ ವಿಷಯ ಒಂದನ್ನೂ ನನ್ನ ಹತ್ತಿರ ಹೇಳುತ್ತಿರಲಿಲ್ಲ. ಆ ನಂಬಿಕೆಯನ್ನು ನಾನು ಕೇಳಿ ಪಡೆಯುವ ಹಾಗಿರಲಿಲ್ಲ. ಮಂಡಿಪೇಟೆಯ ಹಳೆಯ ಗೆಳೆಯರು "ಏನ್ ಸುದ್ದಿ? ಅಜ್ಜ ಆದ್ಯೇನು?" ಅಂದರೆ ನಾನು ಮಳೆಯ ಮಾತು ತೆಗೆಯುವುದನ್ನು ಕಲಿತೆ. ಇತ್ತೀಚೆಗೆ ಒಂದು ದಿನ ಹೆಂಡತಿ, ಮಗ ಇಬ್ಬರೂ ಮನೆಯಲ್ಲೇ ಇದ್ದರೂ ಅವಳು ನನ್ನ ಹತ್ತಿರ ಬಂದು, "ಮಾವ, ಯಾಕೋ ಬಾಳ ಸುಸ್ತಾಗೈತೆ. ಡಾಕ್ಟ್ರ ತಾವ ಹೋಗಿ ಬರಾಣ, ನೀವು ಬರ್ತೀರಾ?" ಅಂದಳು. ಯಾಕೆ, ಏನು ಅಂತ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ. ಡಾಕ್ಟರು ರಕ್ತ ಕಮ್ಮಿ ಇದೆ, ಬೇರೇನಿಲ್ಲ ಅಂದರು. ಬೇರೇನಿಲ್ಲ ಅಂದಾಗ ನನಗೆ ನಿರಾಸೆಯಾಗುತ್ತದೇನೋ ಅಂತ ಅವಳು ನನ್ನ ಮುಖ ನೋಡಿದಳು. ದೇವರಾಣೆ, ಆಗಲಿಲ್ಲ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ಬರೀರಿ, ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ" ಅಂದಳು. ಬರೆದಾದ ಮೇಲೆ ಮೊದಲು ಅವಳಿಗೇ ಕೊಟ್ಟೆ. ಓದಿ, ಮಿಷಿನ್ನಿನ ಮೇಲೆ ಇಟ್ಟು, "ಅವತ್ತು ನಿಮಗೆ ಬಿಸಿಲು ಬಾಳ ಹತ್ತಿತ್ತು ಮಾವ, ಅದನ್ನ ಬರದೇ ಇಲ್ಲ ನೀವು" ಅಂದಳು. ನನಗೆ ಅದು ನೆನಪಿರಲಿಲ್ಲ. ಅವಳು ನೋಡಿದ್ದಳು.