ತಿಥಿ ಕಳಿಸುವ ಕಂಪ್ಯೂಟರ್

ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ ಹತ್ತಿದ ಮೇಲೂ ಒಂದು ಕೆಲಸ ತಪ್ಪಿಸಿಲ್ಲ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಕಂಪ್ಯೂಟರಿನ ಮುಂದೆ ಕೂತು, ಪಂಚಾಂಗ ನೋಡಿ, ಅಂದಿನ ತಿಥಿಯನ್ನು ನೆಂಟರಿಗೆಲ್ಲ ಇಮೇಲ್ ಮಾಡುತ್ತಾರೆ. ಏಕಾದಶಿಯ ಉಪವಾಸಕ್ಕೆ, ಹಿರಿಯರ ಶ್ರಾದ್ಧಕ್ಕೆ ಶಿಗ್ಗಾವಿ, ರಟ್ಟೀಹಳ್ಳಿಯವರೆಲ್ಲ ನಮ್ಮ ಸವಣೂರಿನಿಂದ ಹೋಗುವ ಈ ಮಾತನ್ನೇ ನಂಬುತ್ತಾರೆ. ದಶಮಿ ಸೋಕಿದ ದಿನ ಏಕಾದಶಿಯ ಉಪವಾಸವಿಲ್ಲ ಎಂದು ದೊಡ್ಡ ದೊಡ್ಡವರ ಜೊತೆ ಜಗಳ ಕಾದವರು ಅವರು. ಈಗ ಮೊಮ್ಮಗಳ ಹೆಸರಿಗೂ ತಡವರಿಸುತ್ತಾರೆ.

ಅದೇ ಕಂಪ್ಯೂಟರಿನಲ್ಲಿ ಪಿಂಚಣಿಯ ವ್ಯವಹಾರವೂ ನಡೆಯುತ್ತಿತ್ತು. ಹಳೆಯ ವಿಂಡೋಸಿಗೆ ಇನ್ನು ಸುರಕ್ಷತೆಯ ರಿಪೇರಿ ಇಲ್ಲ ಎಂಬ ಎಚ್ಚರಿಕೆ ಬರತೊಡಗಿದಾಗ, ಹಾನಗಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ತಂಗಿಯ ಮಗಳನ್ನು ಕರೆಸಿದೆ.

"ಇದಕ್ಕ ಹೊಸಾ ವಿಂಡೋಸ್ ಹತ್ತೂದಿಲ್ಲ, ಮೌಶಿ. ಬ್ಯಾರೆ ಕಂಪ್ಯೂಟರ್ ತೊಗೋಬೇಕು, ಇಲ್ಲಾ ವಿಂಡೋಸ್ ತಗದು ಅದರ ಬದ್ಲಿ ಲಿನಕ್ಸ್ ಹಾಕೋಣು. ಪುಕ್ಕಟೆ ಅದ, ಛಲೋನೂ ಅದ," ಎಂದಳು.

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ನಾನಲ್ಲ. ಆದರೆ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವುದೆಂದರೆ ನನಗೆ ಮೈ ಉರಿಯುತ್ತದೆ. ಲಿನಕ್ಸ್ ಹಾಕಿಸಿದೆ.

ಮರುದಿನ ಅವರು ಕೂತರು. ಮೌಸ್ ಹಿಡಿದು, ಮೊದಲು ಸ್ಟಾರ್ಟ್ ಗುಂಡಿ ಇರುತ್ತಿದ್ದ ಎಡಗಡೆಯ ಕೆಳಮೂಲೆಗೆ ಹೋದರು, ಮತ್ತೆ ಹೋದರು. ಅಲ್ಲಿ ಏನೂ ಇರಲಿಲ್ಲ. ಹೊಸ ಗುಂಡಿ ಮೇಲಿದೆ ಎಂದು ನಾನು ತೋರಿಸಿದೆ. ಅವರು ಕೈ ಹಿಂದೆಳೆದುಕೊಂಡು ಎದ್ದರು.

"ಇದು ಯಾರೋ ಮಂದೀದು. ಮುಟ್ಟೂದು ಬ್ಯಾಡ. ನಮ್ಮದೆಲ್ಲಿ ಇಟ್ಟೀ?"

ಲಿನಕ್ಸಿನದೇನೂ ತಪ್ಪಿಲ್ಲ. ನಾನೇ ಅದರಲ್ಲಿ ಆರಾಮಾಗಿ ಪಿಂಚಣಿ ನೋಡಿಕೊಂಡೆ. ದುಡ್ಡು ಸುರಿದು ಹೊಸ ವಿಂಡೋಸ್ ತಂದಿದ್ದರೂ ಅದರ ಮೋರೆ ಬೇರೆಯೇ ಇರುತ್ತಿತ್ತು. ಅವರು ಮಾತ್ರ ಮನೆಯೆಲ್ಲ ತಿರುಗಿ ತಮ್ಮ ಕಂಪ್ಯೂಟರ್ ಹುಡುಕತೊಡಗಿದರು, ಆಮೇಲೆ ಹುಡುಕುವುದನ್ನೂ ಬಿಟ್ಟು ಜಗಲಿಯಲ್ಲಿ ಸುಮ್ಮನೆ ಕೂತರು. ನನಗೆ ಭಯವಾಯಿತು. ಇದೂ ಕೈಬಿಟ್ಟರೆ ಇವರಲ್ಲಿ ಇನ್ನೇನು ಉಳಿದೀತು?

ತಂಗಿಯ ಮಗಳು ಪುಣ್ಯಕ್ಕೆ ಹಳೆಯದರ ಪ್ರತಿ ತೆಗೆದಿಟ್ಟಿದ್ದಳು. ಅದನ್ನೇ ವಾಪಸ್ ಹಾಕಿದಳು. "ಆದ್ರ ಹಳೇದಕ್ಕ ನೆಟ್ ಮಾತ್ರ ಕೊಡಬ್ಯಾಡ, ಮೌಶಿ," ಎಂದು ವೈರು ಕಿತ್ತಳು.

ಈಗ ಅವರು ತಿಥಿ ಬರೆದು ಕಳಿಸುವ ಗುಂಡಿ ಒತ್ತುತ್ತಾರೆ. ಅದು ಎಲ್ಲಿಗೂ ಹೋಗದೆ ಕಂಪ್ಯೂಟರಿನೊಳಗೇ ಕೂರುತ್ತದೆ. ನಾನು ನೋಡಿಕೊಂಡು ನನ್ನ ಮೊಬೈಲಿನಿಂದ ಅವರ ಹೆಸರಿನಲ್ಲಿ ಕಳಿಸುತ್ತೇನೆ. ಪಿಂಚಣಿಯನ್ನೂ ಮೊಬೈಲಿನಲ್ಲೇ ನೋಡಿಕೊಳ್ಳುತ್ತೇನೆ.

"ಎಲ್ಲಾರಿಗೂ ಮುಟ್ಟೇದೇನು?" ಎಂದು ಕೇಳುತ್ತಾರೆ.

"ಮುಟ್ಟೇದ್ರಿ."

ಮೊನ್ನೆ ಅವರು ದಶಮಿಯ ದಿನವೇ ಏಕಾದಶಿ ಎಂದು ಬರೆದರು. ನೆಂಟರಿಗೆ ತಿದ್ದಿ ಕಳಿಸಿದೆ. ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಜೊತೆ ನಾನೂ ಉಪವಾಸ ಕೂತೆ. ಮರುದಿನ ಉಳಿದವರೆಲ್ಲ ಏಕಾದಶಿಯ ಉಪವಾಸದಲ್ಲಿದ್ದಾಗ, ಅವರು ಮಡಿಯುಟ್ಟು ಬಂದು ಉಪವಾಸ ಬಿಡುವ ಪಾರಣೆಗೆ ಕೂತರು. ನಾನು ಎಲೆ ಹಾಕಿ ಅನ್ನ ಬಡಿಸಿದೆ.